ಹಿತ್ತಲ ನಗಾರಿ

ನಲವತ್ತೇಳು ವರ್ಷದ ಸಂಪತ್ಕುಮಾರ ತನ್ನದೇ ಸ್ಟುಡಿಯೋದಲ್ಲಿ ಅಂಬೆಗಾಲಿಡುತ್ತಿದ್ದ. ಪಂಚೆ ಮೊಣಕಾಲಿನ ಮೇಲಕ್ಕೇರಿತ್ತು, ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಗೋಡೆಯ ಬುಡಕ್ಕೆ ಕಿವಿಯಿಟ್ಟು ಒಂದು ಮೊಳ ಸರಿಯುವುದು, ನಿಂತು ಆಲಿಸುವುದು, ಮತ್ತೆ ಒಂದು ಮೊಳ. ಅವನು ದಿನವೂ ಕೂರುವ ತಿರುಗುಕುರ್ಚಿಯ ಮೇಲೆ ಆ ಹೊತ್ತು ಸಬ್‌ವೂಫರ್ ಎಂಬ ಕರಿಯ ಪೆಟ್ಟಿಗೆ ಠೀವಿಯಿಂದ ಕೂತಿತ್ತು. ಯಜಮಾನ ನೆಲದ ಮೇಲಿದ್ದ. ಚನ್ನರಾಯಪಟ್ಟಣದಲ್ಲಿ ಮದುವೆಮನೆಗಳಿಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಗೌರೀಶಂಕರ ನಿನ್ನೆ ಅದನ್ನು ಹಾಸನದವರೆಗೆ ಹೊತ್ತು ತಂದು ಇಳಿಸಿ, ಹೋಗುವಾಗ ಪಾಠ ಹೇಳಿಹೋಗಿದ್ದ: "ಸಾರ್, ನಿಮ್ಮ ಐದಿಂಚಿನ ಸ್ಪೀಕರುಗಳಿಗೆ ಗಂಟಲಿದೆ, ಹೊಟ್ಟೆ ಇಲ್ಲ. ಇದು ಹೊಟ್ಟೆ. ಆದರೆ ಎಲ್ಲೆಂದರಲ್ಲಿ ಇಟ್ಟರೆ ಆಗಲ್ಲ. ಮೊದಲು ಇದನ್ನ ನಿಮ್ಮ ಕುರ್ಚಿ ಮೇಲೆ ಕೂರಿಸಿ, ನೀವು ಮಗು ಥರ ರೂಮೆಲ್ಲಾ ಹರಿದಾಡಿ. ಬೇಸು, ಅಂದ್ರೆ ತಗ್ಗಿನ ದನಿ, ಎಲ್ಲಿ ತುಂಬಿ ಕೇಳುತ್ತೋ, ಅದೇ ಇದರ ಜಾಗ." ತಮಾಷೆ ಮಾಡುತ್ತಿದ್ದಾನೆಂದು ಸಂಪತ್ಕುಮಾರ ನಕ್ಕಿದ್ದ. ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯಲ್ಲೂ ಅದೇ ಇತ್ತು, ಚಿತ್ರ ಸಮೇತ. ಚಿತ್ರದಲ್ಲಿ ಹರಿದಾಡುತ್ತಿದ್ದವನು ಪ್ಯಾಂಟು ತೊಟ್ಟಿದ್ದ, ಅಷ್ಟೇ ವ್ಯತ್ಯಾಸ.

"ಏನೋ ಸಂಪತ್ತು, ಏನು ಬೀಳಿಸಿಕೊಂಡೆ?" ಅಮ್ಮ ಗೋದಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಹೂವಿನ ಬುಟ್ಟಿ. "ಏನೂ ಇಲ್ಲಮ್ಮ." "ಏನೂ ಇಲ್ಲದೆ ಯಾರು ಹೀಗೆ ಹುಡುಕ್ತಾರೆ? ಏಳು, ಆಮೇಲೆ ಮಂಡಿನೋವು ಅಂತ ನನ್ನ ಮುಂದೆ ಗೋಳಾಡ್ತೀಯ." ಅವರು ಪಕ್ಕದ ದೇವರಮನೆಗೆ ಹೋದರು. ಸ್ಟುಡಿಯೋಗೂ ದೇವರಮನೆಗೂ ನಡುವೆ ಒಂದೇ ಗೋಡೆ. ಅಪ್ಪ ಇದ್ದಾಗ ಇದು ದವಸದ ಕೋಣೆಯಾಗಿತ್ತು. ಸಂಪತ್ಕುಮಾರ ಮೇಷ್ಟರ ಕೆಲಸದ ಬಿಡುವಿನಲ್ಲಿ ಗೋಡೆಗೆ ಸೆಣಬಿನ ಚೀಲ, ಹಳೆಯ ಹಾಸಿಗೆ, ಮೇಲೊಂದು ನೀಲಿ ಪರದೆ ಹೊಡೆದು ಅದನ್ನು ಸ್ಟುಡಿಯೋ ಮಾಡಿದ್ದ. ಭಜನೆ, ಶಾಲೆಯ ವಾರ್ಷಿಕೋತ್ಸವದ ಹಾಡು, ಸಂಪ್ರದಾಯದ ಹಾಡುಗಳ ಸಿ.ಡಿ. ಹೋದ ತಿಂಗಳು ಮೊಸಳೆ ಎಂಬ ಊರಿನ ಭಜನಾ ಮಂಡಳಿಯವರು ತಮ್ಮ ಸಿ.ಡಿ.ಯನ್ನು ವಾಪಸು ತಂದು ಮೇಜಿನ ಮೇಲಿಟ್ಟು, "ಕಾರಲ್ಲಿ ಹಾಕಿದ್ರೆ ಮೃದಂಗ ಗುಡುಗಿದಂಗೆ ಗುಡುಗುತ್ತೆ ಸಾರ್, ದೇವರ ನಾಮವೇ ಕೇಳಲ್ಲ" ಅಂದಾಗ ಅವನ ಮುಖ ಕೆಂಪಾಗಿತ್ತು. ಸಣ್ಣ ಸ್ಪೀಕರಿನಲ್ಲಿ ಬೇಸು ಕೇಳುವುದಿಲ್ಲ. ಕೇಳುವುದಿಲ್ಲವೆಂದು ಇವನು ಏರಿಸುತ್ತಾನೆ. ದೊಡ್ಡ ಸ್ಪೀಕರಿಗೆ ಹೋದಾಗ ಏರಿಸಿದ್ದೆಲ್ಲ ಒಟ್ಟಿಗೆ ಸಿಡಿಯುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲು ಅವನಿಗೆ ಒಂಬತ್ತು ವರ್ಷ ಬೇಕಾಯಿತು.

ಹರಿದಾಡುವಾಗ ಕೇಳಲು ತಗ್ಗಿನ ದನಿಯ ಯಾವುದಾದರೊಂದು ಬೇಕಿತ್ತು. ಕಂಪ್ಯೂಟರಿನ ತುಂಬಾ ಹಾರ್ಮೋನಿಯಂ, ತಬಲ, ಮಕ್ಕಳ ಕೀರಲು. ಕಡೆಗೆ ಸಿಕ್ಕಿದ್ದು ಎರಡು ವರ್ಷದ ಹಿಂದಿನ ಒಂದು ಕಡತ: 'ಬೈರಯ್ಯ ನಗಾರಿ, ಕಚ್ಚಾ', ದನಿ ಏರಿಸಿ ಇಳಿಸುವ ಮೊದಲಿನದು. ಅದನ್ನೇ ಸುತ್ತಿ ಸುತ್ತಿ ಬರುವಂತೆ ಹಾಕಿದ್ದ. ಹಾಕುವಾಗ ಕೈ ಒಂದು ಗಳಿಗೆ ತಡೆದಿದ್ದು ನಿಜ. ಇವತ್ತೇ, ಹನ್ನೊಂದರ ಹೊತ್ತಿಗೆ, ಅದೇ ಬೈರಯ್ಯ ಅರಕಲಗೂಡಿನ ಬಸ್ಸಿಗೆ ಬರುವವನಿದ್ದ. ಮಗನ ಮೊಬೈಲಿನಿಂದ ಫೋನು ಮಾಡಿ, ಬೆಂಗಳೂರಿನ ಜಾನಪದ ಮೇಳಕ್ಕೆ ಈ ಸಲವೂ ಸಿ.ಡಿ. ಕೇಳಿದ್ದಾರೆ, ಇನ್ನೊಂದು ಕೈ ನೋಡೋಣ ಸಾ, ಅಂದಿದ್ದ. ಇನ್ನೊಂದು ಕೈ. ಮೊದಲನೇ ಕೈಯ ದಿನ ಬೈರಯ್ಯ, ಜೊತೆಗೆ ತಮಟೆಯವರಿಬ್ಬರು, ಹಿತ್ತಲ ಬಾಗಿಲಿಂದ ಬಂದು ನಿಂತಿದ್ದರು. ತಾತನ ಕಾಲದ ತಾಮ್ರದ ನಗಾರಿ, ನಾಲ್ಕು ಗೇಣು ಸುತ್ತಳತೆ, ಮೇಲೆ ಹದಿನೆಂಟು ವರ್ಷದ ತೊಗಲು. ಸಂಪತ್ಕುಮಾರ ಅವರನ್ನು ಹಿತ್ತಲಲ್ಲೇ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರಿಸಿದ. "ಒಳಗೆ ಜಾಗ ಸಾಲಲ್ಲ ಬೈರಯ್ಯ. ಮತ್ತೆ ಈ ಗೋಡೆ ಆಚೆ ದೇವರಮನೆ. ತೊಗಲಿನ ವಾದ್ಯ, ಅಮ್ಮ ಒಪ್ಪಲ್ಲ." ಅಮ್ಮ ಏನೂ ಅಂದಿರಲಿಲ್ಲ. ಅಮ್ಮನನ್ನು ಅವನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರೇನೋ, ಅವರೆಲ್ಲ ಹೋದಮೇಲೆ ಹಿತ್ತಲಿಗೆ ನಾಲ್ಕು ಬಿಂದಿಗೆ ನೀರು ಹಾಕಿಸಿದ್ದೂ ಉಂಟು. ಆದರೆ ಕೇಳಲಿಲ್ಲ. ಭಜನೆಯವರ ಮೃದಂಗಕ್ಕೂ ತೊಗಲೇ ಹೊದಿಸಿರುವುದು, ಅದು ಒಳಗೆ ಬಂದು ಗೋಡೆಗೊರಗಿ ಕೂರುತ್ತದೆ, ಎಂಬುದು ಆವತ್ತು ಅವನ ತಲೆಗೆ ಹೊಳೆಯಲೇ ಇಲ್ಲ.

ಕಿಟಕಿಯ ಸಂದಿಯಿಂದ ತಂತಿ ಎಳೆದು ಹೊರಗೆ ಮೈಕು ನಿಲ್ಲಿಸಿ, ಒಳಗಿನ ಬಾಗಿಲು ಕಿಟಕಿ ಭದ್ರ ಮಾಡಿಕೊಂಡು ಅವನು ಕೂತಿದ್ದ. ಹೊರಗೆ ಬೈರಯ್ಯನ ಕೈ ಏಳುವುದು ಬೀಳುವುದು ಗಾಜಿನಲ್ಲಿ ಕಾಣುತ್ತಿತ್ತು. ಸ್ಪೀಕರಿನಲ್ಲಿ ಮಾತ್ರ ಡಬ್ಬದ ಸದ್ದು. ಕಾಲಡಿಯ ನೆಲ ಸಣ್ಣಗೆ ಅದುರಿದ್ದು ನೆನಪಿದೆ. ಬೀದಿಯಲ್ಲಿ ಲಾರಿ ಹೋಯಿತು ಅಂದುಕೊಂಡ. ಒಂದು ಸಲ ಎದ್ದು ಬಾಗಿಲು ತೆಗೆದು ಹಿತ್ತಲಿಗಿಳಿದು ನಿಂತಿದ್ದರೆ ಆಗುತ್ತಿತ್ತು. ಆರು ಹೆಜ್ಜೆ. ಅವನು ಬೇಸು ಏರಿಸಲು ಗುಬುಟು ತಿರುಗಿಸಿದ.

ದೇವರಮನೆಯ ಗೋಡೆ ಮೂಲೆಗೆ ಸೇರುವ ಕಡೆ ಬಂದಾಗ ನಾದ ಕಿವಿಗಲ್ಲ, ಪಕ್ಕೆಲುಬಿಗೆ ತಾಗಿತು. ಇದೇ ಜಾಗ. ಸಂಪತ್ಕುಮಾರ ಪೆಟ್ಟಿಗೆಯನ್ನು ಕುರ್ಚಿಯಿಂದಿಳಿಸಿ ಅಪ್ಪಿಕೊಂಡು ಬಂದು ಮೂಲೆಯಲ್ಲಿಟ್ಟ. ತಂತಿ ಸಿಕ್ಕಿಸಿದ. ಎಂಬತ್ತು ಹರ್ಟ್ಸ್‌ಗಿಂತ ತಗ್ಗಿನ ದನಿಯೆಲ್ಲ ದೊಡ್ಡ ಪೆಟ್ಟಿಗೆಗೆ, ಮೇಲಿನದೆಲ್ಲ ಚಿಕ್ಕವಕ್ಕೆ ಎಂದು ಪುಸ್ತಿಕೆ ಹೇಳಿದಂತೆ ಭಾಗ ಮಾಡಿದ. ಗಡಿಯ ಹತ್ತಿರ ಮಾತ್ರ ಇಬ್ಬರೂ ಕೂಡಿ ದನಿ ಹೊರಬೇಕು. ಕುರ್ಚಿಯಲ್ಲಿ ಕೂತು ನಗಾರಿಯನ್ನು ಬಿಟ್ಟ. ಡಬ್ಬ. ಅದೇ ಹಳೆಯ ಡಬ್ಬ, ಟಪ್ ಟಪ್. ಅವನಿಗೆ ಆದದ್ದು ನಿರಾಸೆಯಲ್ಲ, ಹಾಯೆನಿಸಿತು. ನೋಡಿದೆಯಾ, ಹೊಟ್ಟೆ ಕೊಟ್ಟರೂ ಅಷ್ಟೇ, ನಗಾರಿಯದೇ ದೋಷ, ಅವತ್ತು ಬೈರಯ್ಯನಿಗೆ ನಾನು ಅಂದದ್ದೇ ಸರಿ. ಯಾರೂ ಕೇಳದಿದ್ದರೂ ಕೋಣೆಯಲ್ಲಿ ಒಬ್ಬನೇ ತಲೆಯಾಡಿಸಿಕೊಂಡ. ಹಾಯೆನಿಸಿದ ಮೇಲೆಯೇ ಅವನಿಗೆ ಗೊತ್ತಾಗಿದ್ದು, ಎರಡು ವರ್ಷದಿಂದ ಎದೆಯಲ್ಲಿ ಏನೋ ಒಂದು ಚುಚ್ಚುತ್ತಲೇ ಇತ್ತು ಎಂದು. ಎದ್ದು ಮೂಲೆಗೆ ಹೋದರೆ ಅಲ್ಲಿ ನಾದ ಕೊಡಪಾನದಷ್ಟು ತುಂಬಿತ್ತು. ಕುರ್ಚಿಗೆ ಮರಳಿದರೆ ಇಲ್ಲ. ಮೂಲೆಯಲ್ಲಿದೆ, ಕುರ್ಚಿಯಲ್ಲಿಲ್ಲ. ನಾಲ್ಕು ಸಲ ಹೋಗಿ ಬಂದು, ಬೇಡವೆಂದುಕೊಳ್ಳುತ್ತಲೇ ಗೌರೀಶಂಕರನಿಗೆ ಫೋನು ಮಾಡಿದ.

"ಸಾರ್, ಹಿಂಬದಿ ಒಂದು ಸಣ್ಣ ಸ್ವಿಚ್ಚಿದೆ ನೋಡಿ. ಫೇಸು ಅಂತ ಬರೆದಿರುತ್ತೆ. ಸೊನ್ನೆ, ನೂರಾ ಎಂಬತ್ತು. ಆ ಕಡೆಗಿದ್ದರೆ ಈ ಕಡೆಗೆ ಹಾಕಿ."

"ಹಾಕಿದರೆ ಏನಾಗುತ್ತೆ?"

"ಈಗ ದೊಡ್ಡದು ಗಾಳೀನ ಮುಂದಕ್ಕೆ ನೂಕುವಾಗ ಚಿಕ್ಕದು ಹಿಂದಕ್ಕೆ ಎಳೀತಿದೆ. ನೀವು ಕೂತ ಜಾಗದಲ್ಲಿ ಎರಡೂ ಸೇರಿ ಸೊನ್ನೆ. ಎದ್ದು ಬೇರೆ ಕಡೆ ಹೋದರೆ ಕೇಳ್ಸುತ್ತೆ, ಕುರ್ಚೀಲಿ ಕೂತವನಿಗೆ ಮಾತ್ರ ಕೇಳ್ಸಲ್ಲ."

ಗೋಡೆಗೂ ಪೆಟ್ಟಿಗೆಗೂ ನಡುವೆ ಕೈ ತೂರಿಸಿ ತಡಕಾಡಿ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದ. ಟಿಕ್ ಎಂದಿತು. ಬಂದು ಕುರ್ಚಿಯಲ್ಲಿ ಕೂತ. ಬೈರಯ್ಯನ ನಗಾರಿ ಕೋಣೆಯೊಳಗೆ ಬಂದಿತ್ತು. ಬಾಗಿಲು ಕೇಳದೆ, ಒಪ್ಪಿಗೆ ಕೇಳದೆ. ಮೊದಲ ಪೆಟ್ಟು ತೊಗಲಿನ ನಡುವೆ ಬಿದ್ದು ಅಗಲವಾಗಿ ಹರಡಿ, ಅದು ಆರುವ ಮೊದಲೇ ಎರಡನೆಯದು ಅಂಚಿನಲ್ಲಿ ಚುರುಕಾಗಿ ಸಿಡಿದು, ನಡುವೆ ಬೈರಯ್ಯ ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ತೊಗಲು ಒಂದು ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ತೇವವಿರಲಿಲ್ಲ. ಬೆಂಗಳೂರಿಗೆ ತಾನು ಕಳಿಸಿದ್ದ ಸಿ.ಡಿ.ಯನ್ನೂ ಹಾಕಿ ನೋಡದೆ ಇರಲಾಗಲಿಲ್ಲ. ಹಾಕಿದ. ಮೇಜಿನ ಮೇಲಿನ ಪೆನ್ನುಗಳು ಗಡಗಡ ಕುಣಿದವು. ನಗಾರಿಯೂ ಅಲ್ಲ, ತಮಟೆಯೂ ಅಲ್ಲ, ಕೆಸರು. ಮೇಳದವರು ಬೇಡವೆಂದು ಬರೆದಿದ್ದ ಕಾಗದದ ಸಾಲು ಬಾಯಿಪಾಠವಿತ್ತು: 'ನಗಾರಿಯ ಗದ್ದಲದಲ್ಲಿ ತಮಟೆಯ ಗತ್ತು ಕೇಳಿಬರುವುದಿಲ್ಲ, ಅರ್ಧಕ್ಕೆ ನಿಲ್ಲಿಸಬೇಕಾಯಿತು.' ಅದು ನಗಾರಿಯ ಗದ್ದಲವಲ್ಲ, ಸಂಪತ್ಕುಮಾರನ ಬೆರಳಿನ ಗದ್ದಲ.

ಕಾಗದ ಬಂದ ವಾರ ಸಂಪತ್ಕುಮಾರ ಯಾರದೋ ಮದುವೆಗೆ ಹೊಳೆನರಸೀಪುರಕ್ಕೆ ಹೋಗಿದ್ದ. ಬರಹೇಳಿ ಕಳಿಸಿದ್ದಕ್ಕೆ ಬೈರಯ್ಯ ಬಸ್ ಸ್ಟ್ಯಾಂಡಿಗೇ ಬಂದಿದ್ದ, ಮಗ ಶಿವರಾಜು ಜೊತೆಗಿದ್ದ. ಶಿವರಾಜು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಮನೆಯಲ್ಲಿ ಬುದ್ಧನ ಪಟ ಹಾಕಿದವನು, ಊರವರ ಸಾವಿಗೂ ಹಬ್ಬಕ್ಕೂ ಅಪ್ಪ ಬಡಿಯುವುದು ಸಾಕು ಎಂದು ವರ್ಷಗಳಿಂದ ಜಗಳವಾಡುತ್ತಿದ್ದವನು. ಮೇಳದ ವೇದಿಕೆಯಾದರೆ ಮಾತ್ರ ಒಪ್ಪಿದ್ದ, ಅಲ್ಲಿ ಕುರ್ಚಿ ಹಾಕಿ ಕೂರಿಸಿ ಬಾರಿಸಲು ಹೇಳುತ್ತಾರೆಂದು. ಎಳನೀರು ಗಾಡಿಯ ಪಕ್ಕ, ಮದುವೆ ಊಟದ ತಾಂಬೂಲ ಇನ್ನೂ ಬಾಯಲ್ಲಿರುವಾಗ, ಸಂಪತ್ಕುಮಾರ ಹೇಳಿದ್ದ: "ಯಂತ್ರ ಸುಳ್ಳು ಹೇಳಲ್ಲ ಬೈರಯ್ಯ. ತೊಗಲು ಸತ್ತುಹೋಗಿದೆ." ಬೈರಯ್ಯ ತಕ್ಷಣ ಮಗನ ಮುಖ ನೋಡಿದ. ಮಗ ಬಸ್ಸಿನ ಬೋರ್ಡು ಓದುತ್ತಿದ್ದ. "ಅಂಗಾ ಸಾ" ಅಂದ ಬೈರಯ್ಯ. "ನಂಗ್ ಗೊತ್ತಾಗ್ನಿಲ್ಲ ನೋಡಿ. ವಯಸ್ಸಾಯ್ತು, ಕಿವೀನೂ ಓಯ್ತು." ಆ ಮಾತನ್ನು ತಾನು ತಡೆಯಬಹುದಿತ್ತು. ತಡೆಯಲಿಲ್ಲ. ತಾಂಬೂಲ ಉಗುಳಲು ಜಾಗ ಹುಡುಕುತ್ತಿದ್ದ.

ಹನ್ನೊಂದಕ್ಕೆ ಇನ್ನು ಇಪ್ಪತ್ತು ನಿಮಿಷ. ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ಬಂದ ಕೂಡಲೇ, ನೀರು ಕೊಡುವ ಮೊದಲೇ. 'ಬೈರಯ್ಯ, ತಪ್ಪಾಯಿತು, ಕಿವಿ ಹೋಗಿದ್ದು ನನ್ನದು.' ಗಟ್ಟಿಯಾಗಿ ಅಂದು ನೋಡಿದ; ಮಕ್ಕಳು ಶಾಲೆಯಲ್ಲಿ ಒಪ್ಪಿಸುವ ಪದ್ಯದಂತಿತ್ತು. 'ಅವತ್ತು ನನ್ನ ಹತ್ತಿರ ಈ ಪೆಟ್ಟಿಗೆ ಇರಲಿಲ್ಲ ನೋಡಿ.' ಅದು ಇನ್ನೂ ಕೆಟ್ಟದ್ದು, ತಪ್ಪನ್ನು ಪೆಟ್ಟಿಗೆ ಇಲ್ಲದಿದ್ದುದರ ಮೇಲೆ ಹಾಕಿದಂತೆ. ಪೆಟ್ಟಿಗೆ ಇಲ್ಲದಿದ್ದರೂ ಬಾಗಿಲು ಇತ್ತಲ್ಲ. ಹಳೆಯ ತೊಗಲು ಇನ್ನೂ ನಗಾರಿಯ ಮೇಲಿದ್ದರೆ ಸಾಕು, ಇವತ್ತೇ ಒಳಗೆ ತಂದಿಟ್ಟು ಬಾರಿಸಬಹುದು, ಎಲ್ಲ ಸರಿಹೋಗುತ್ತದೆ, ಎಂದು ಅವನು ಹಾರೈಸಿದ. ಹಾರೈಕೆಯಲ್ಲೂ ಬೈರಯ್ಯನಿಗಿಂತ ತನ್ನ ನೆಮ್ಮದಿಯೇ ಮುಂದಿತ್ತು, ಅದೂ ಅವನಿಗೆ ಕಂಡಿತು.

"ಸಾ." ಹಿತ್ತಲ ಕಡೆಯಿಂದಲೇ ದನಿ. ಮುಂಬಾಗಿಲು ತೆರೆದೇ ಇತ್ತು. ಬೈರಯ್ಯ ಬಿಳಿ ಶರಟು ತೊಟ್ಟು, ಒಗೆಯುವ ಕಲ್ಲಿನ ಪಕ್ಕ ತನ್ನ ಹಳೆಯ ಜಾಗದಲ್ಲೇ ನಿಂತಿದ್ದ. ಕಂಕುಳಲ್ಲಿ ನಗಾರಿ. ತಾಮ್ರದ ಹೊಟ್ಟೆ ಅದೇ, ಉಜ್ಜಿ ಬೆಳಗಿದ್ದ. ಬಾಯಿಗೆ ಮಾತ್ರ ಹಾಲಿನಂಥ ಬಿಳಿಯ ಹೊದಿಕೆ, ಸುತ್ತ ನಟ್ಟು ಬೋಲ್ಟು.

"ಇದೇನಿದು ಬೈರಯ್ಯ?"

"ಫೈಬರ್ರು ಸಾ!" ಬೈರಯ್ಯ ನಕ್ಕ, ಹಲ್ಲು ಎರಡೇ ಉಳಿದಿದ್ದವು. "ನೀವು ಅವತ್ತು ಅಂದ್ರಲ್ಲ ತೊಗಲು ಸತ್ತೋಗೈತೆ ಅಂತ. ಮನೆಗ್ ಓದವ್ನೇ ಬಿಚ್ಚಾಕ್‌ಬುಟ್ಟೆ. ಅದುನ್ನ ಬಿಗ್ದಿದ್ದೋನು ಚಲುವಯ್ಯ, ಓದ್ ವರ್ಸ ತೀರ್ಕಂಡ. ಅವನಂಗೆ ಬಿಗಿಯೋರು ಇನ್ ಯಾರವ್ರೆ? ಇದು ಮೈಸೂರಿಂದ ತರ್ಸಿದ್ದು. ಮಳೆಗೂ ಮೆತ್ಗಾಗಾಕಿಲ್ಲ, ಬೆಂಕಿಗೂ ಕಾಯಿಸ್‌ಬೇಕಿಲ್ಲ." ಆಮೇಲೆ ಸ್ವಲ್ಪ ದನಿ ತಗ್ಗಿಸಿ, ಒಂದು ಒಳ್ಳೆಯ ಸುದ್ದಿಯನ್ನು ಕಡೆಗೆಂದು ಉಳಿಸಿಕೊಂಡವನಂತೆ ಹೇಳಿದ: "ಮತ್ತೆ ಇದು ತೊಗಲಲ್ಲ ಸಾ. ಒಳೀಕೆ ತಂದ್ರೂ ಅಮ್ಮಾವ್ರು ಏನೂ ಅನ್ನಾಕಿಲ್ಲ."

ಒಪ್ಪಿಸಬೇಕಿದ್ದ ಪದ್ಯ ಸಂಪತ್ಕುಮಾರನಿಗೆ ಮರೆತುಹೋಯಿತು. "ಬನ್ನಿ, ಬನ್ನಿ ಒಳಗೆ" ಅಂದ, ಅಗತ್ಯಕ್ಕಿಂತ ಜೋರಾಗಿ. ಬೈರಯ್ಯ ಗೋಣಿಚೀಲಕ್ಕೆ ಕಾಲನ್ನು ಎರಡೆರಡು ಸಲ ಒರೆಸಿಕೊಂಡು ಬಂದ. ನಿಂತೇ ಇದ್ದವನನ್ನು ತಿರುಗುಕುರ್ಚಿಯಲ್ಲಿ ಕೂರಿಸಲು ಒತ್ತಾಯ ಮಾಡಬೇಕಾಯಿತು. ತುದಿಯಲ್ಲಿ ಕೂತ, ಕುರ್ಚಿ ತಿರುಗಿದಾಗ ಬೆದರಿ ಕಾಲು ಊರಿದ. ಮೊಣಕಾಲ ಸಂದಿಯಲ್ಲಿ ನಗಾರಿ ನಿಲ್ಲಿಸಿ ನಾಲ್ಕು ಪೆಟ್ಟು ಹಾಕಿ ತೋರಿಸಿದ. ಬಕೆಟ್ಟು ಬೋರಲು ಹಾಕಿ ಬಡಿದ ಸದ್ದು. "ಎಂಗೈತೆ ಸಾ?" "ಚೆನ್ನಾಗಿದೆ." ಇದು ಎರಡನೆಯ ಸುಳ್ಳೋ ಮೂರನೆಯದೋ. ಬೈರಯ್ಯ ಬಿಳಿ ಹೊದಿಕೆಯನ್ನು ಅಂಗೈಯಿಂದ ಸವರಿದ, ಹೊಸ ಸೊಸೆಯ ಬಗ್ಗೆ ಒಳ್ಳೆಯದನ್ನೇ ಹೇಳಲು ಹೊರಟವನಂತೆ. "ಒಂದಿಷ್ಟು ಗಟ್ಟಿ ಅನ್ನುಸ್ತೈತೆ. ಕೈಗೆ ಒಗ್ಬೇಕು." ಆಮೇಲೆ, "ಸಾ, ಅಳೇದು ನಿಮ್ಮ ತಾವ ಇದ್ರೆ ಒಂದ್ಸಲ ಆಕಿ. ನಾನು ಅದುನ್ನ ನೆಟ್ಗೆ ಕೇಳೇ ಇಲ್ಲ, ಅವತ್ತು ಕಿಟಕೀಲಿ ಒಸಿ ಕೇಳಿದ್ದು ಅಷ್ಟೇ. ಎರಡ್ನೂ ತೂಗಿ ನೋಡಾಣ" ಅಂದ.

ಇಲ್ಲ ಅನ್ನಬಹುದಿತ್ತು, ಅಳಿಸಿಹೋಯಿತು ಅನ್ನಬಹುದಿತ್ತು. ಪರದೆಯ ಮೇಲೆ ಕಡತದ ಹೆಸರು ದೊಡ್ಡದಾಗಿ ಕಾಣುತ್ತಿತ್ತು, ಮಗನ ಹತ್ತಿರ ಅಕ್ಷರ ಕಲಿತಿದ್ದ ಬೈರಯ್ಯ ಅದನ್ನು ಆಗಲೇ ಓದಿಕೊಂಡಿದ್ದ. "ಹಾಕ್ತೀನಿ, ಒಂದು ತಂತಿ ಸಡಿಲ ಇದೆ" ಎಂದು ಸಂಪತ್ಕುಮಾರ ಮೂಲೆಗೆ ಹೋಗಿ ಮಂಡಿಯೂರಿದ. ಕೈ ತಾನಾಗಿ ಪೆಟ್ಟಿಗೆಯ ಹಿಂದಕ್ಕೆ ಹೋಯಿತು. ಈಗ ಕೇಳಿದರೆ ಬೈರಯ್ಯನಿಗೆ ಸಂಕಟವೇ ತಾನೆ, ಹೋದ ತೊಗಲು ಬರುವುದಿಲ್ಲವಲ್ಲ, ಇವನ ನೆಮ್ಮದಿಗಾಗಿಯೇ, ಎಂದು ಒಳಗಿನ ಲಾಯರು ವಾದ ಮಂಡಿಸುತ್ತಿದ್ದ. ಬೆರಳು ವಾದ ಮುಗಿಯುವವರೆಗೆ ಕಾಯಲಿಲ್ಲ. ಟಿಕ್. ಇನ್ನೊಂದು ಕೈಯಲ್ಲಿದ್ದ ಕಂಪ್ಯೂಟರಿನ ರಿಮೋಟು ಒತ್ತಿದ.

ಕುರ್ಚಿಯ ತುದಿಯಲ್ಲಿ ಬೈರಯ್ಯ ತಲೆ ಓರೆ ಮಾಡಿ ಕೇಳಿದ. ಟಪ್ ಟಪ್, ಡಬ್ಬ. ಅವನ ಮುಖ ಮೆಲ್ಲಗೆ ಇಳಿಯಿತು, ಆಮೇಲೆ ಸಮಾಧಾನಕ್ಕೆ ಬಂತು. "ಊ ಸಾ. ನೀವಂದಿದ್ದೇ ಸರಿ. ಏನೂ ಇಲ್ಲ ಅದ್ರಲ್ಲಿ. ನಾನೊಬ್ಬ ಬೆಪ್ಪ, ಬಿಚ್ಚಾಕುದ್ಮೇಲೆ ಎಲ್ಡ್ ದಿನ ಉಣ್ನಿಲ್ಲ. ಸತ್ತಿದ್ದಕ್ಕೆ ಅಳ್ತಾ ಕುಂತಿದ್ದೆ." ಮೂಲೆಯಲ್ಲಿ ಮಂಡಿಯೂರಿದ್ದ ಸಂಪತ್ಕುಮಾರನ ಪಕ್ಕೆಗೆ ನಗಾರಿ ತುಂಬು ದನಿಯಲ್ಲಿ ಬಡಿಯುತ್ತಿತ್ತು. ಇಷ್ಟು ನಾಚಿಕೆ ಒಬ್ಬ ಮನುಷ್ಯನ ಮೈಯಲ್ಲಿ ಹಿಡಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಸಂಪತ್ತು." ಗೋಡೆಯಾಚೆ ದೇವರಮನೆಯಿಂದ ಗೋದಮ್ಮನ ದನಿ. "ಬೈರಯ್ಯನ ಹಳೇ ನಗಾರೀನೇನೋ ಅದು? ಇಲ್ಲಿ ತೀರ್ಥದ ಬಟ್ಟಲಿನ ಮುಚ್ಚಳ ಜಣಗುಡ್ತಿದೆ. ಅವತ್ತೂ ಹೀಗೇ ಕೇಳಿಸಿತ್ತು ಕಣೋ. ಅಡುಗೆಮನೇಲಿ ಹೆಚ್ಚೋದು ಬಿಟ್ಟು ಹಾಗೇ ಕೂತುಬಿಟ್ಟಿದ್ದೆ. ಎದೆ ತುಂಬಿ ಬಂದಿತ್ತು."

ಬೈರಯ್ಯ ಗೋಡೆ ನೋಡಿದ. ಎರಡು ಚಿಕ್ಕ ಸ್ಪೀಕರುಗಳನ್ನು ನೋಡಿದ. "ಅಮ್ಮಾವ್ರಿಗೆ ಕೇಳುಸ್ತೈತೆ" ಅಂದ. "ಇಲ್ ಕುಂತಿರೋ ನಂಗ್ಯಾಕೆ ಕೇಳುಸ್ತಿಲ್ಲ ಸಾ?" ಅದರಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳುವ ದನಿಯಷ್ಟೇ ಇತ್ತು. ಅವನು ಫೈಬರ್ ನಗಾರಿಯನ್ನು ನೆಲಕ್ಕಿಳಿಸಿ ಎದ್ದು, ಒಂದು ಹೆಜ್ಜೆ ಇಟ್ಟು ನಿಂತ, ಇನ್ನೊಂದು ಇಟ್ಟ. ಮೂರನೆಯದಕ್ಕೆ ಅವನ ಮುಖ ಬದಲಾಯಿತು. ಆಮೇಲೆ ನಿಲ್ಲಲಿಲ್ಲ. ಮೂಲೆಗೆ ಬಂದು ಸಂಪತ್ಕುಮಾರನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ದೇವರಮನೆಯ ಗೋಡೆಯ ಮೇಲೆ ಅಂಗೈಯಿಟ್ಟ. ಬೆರಳುಗಳು ಪೆಟ್ಟು ಬೀಳುವುದಕ್ಕೆ ಒಂದು ಚೂರು ಮುಂಚೆಯೇ ಏಳುತ್ತಿದ್ದವು; ಮುಂದೆ ಬರುವುದೇನೆಂದು ಅವಕ್ಕೆ ಗೊತ್ತಿತ್ತು. ಅವನ ಕಣ್ಣು ಗೋಡೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯ ಹಿಂದೆ ಸಿಕ್ಕಿಕೊಂಡಂತಿದ್ದ ಸಂಪತ್ಕುಮಾರನ ಕೈಗೆ ಬಂದು ಅಲ್ಲೇ ನಿಂತಿತು.

"ತೊಗಲು ಸರ್ಯಾಗೇ ಇತ್ತಲ್ಲ ಸಾ."

"ಇತ್ತು" ಅಂದ ಸಂಪತ್ಕುಮಾರ. ಸ್ವಿಚ್ಚನ್ನು ಹಿಂದಕ್ಕೆ ಹಾಕಲೆಂದು ಬೆರಳು ಹುಡುಕಿತು.

"ಮುಟ್ಬ್ಯಾಡಿ" ಅಂದ ಬೈರಯ್ಯ, ಗೋಡೆಯಿಂದ ಕೈ ತೆಗೆಯದೆ. "ಮುಗಿಯೋ ಗಂಟ ಏನೂ ಮುಟ್ಬ್ಯಾಡಿ."

ಸಂಪತ್ಕುಮಾರ ಮುಟ್ಟಲಿಲ್ಲ. ಏಳಲೂ ಇಲ್ಲ.